ಎರಡು ತಿಂಗಳಿಗೆಂದು ಹೋದವರು

ಪರದೇಶದ ಪ್ರೇಷಿತ ಸೇವೆ ಎಂದೊಡನೆ ನಮಗೆ ಗುರುಗಳ, ಕನ್ಯಾಸ್ತ್ರೀಯರ ನೆನಪಾಗುತ್ತದೆ. ಸಂಸಾರವೊಂದು ಹಾಗೆ ಹೊರಡಬಹುದೆಂಬುದು ಹೊಳೆಯುವುದು ಅಪರೂಪ.

ಇಟಲಿಯ ಮಕ್ಕಳ ವೈದ್ಯ ಪಿಯೆರೊ ಕೊರ್ತಿ 1961ರಲ್ಲಿ ಉತ್ತರ ಉಗಾಂಡದ ಗುಲು ಪಟ್ಟಣದ ಬಳಿಯ ಲಾಚೋರ್‌ಗೆ ಹೋದರು. ಕೊಂಬೋನಿ ಸಭೆಯ ಮಿಷನರಿಗಳು ಸ್ಥಾಪಿಸಿದ್ದ ಪುಟ್ಟ ಆಸ್ಪತ್ರೆ ಅಲ್ಲಿತ್ತು. ಶಸ್ತ್ರಚಿಕಿತ್ಸೆ ಆರಂಭಿಸಿಕೊಡಲು ಕೆನಡಾದ ವೈದ್ಯೆ ಲುಸಿಲ್ ಟೀಸ್‌ಡೇಲ್ ಅವರನ್ನು ಎರಡು ತಿಂಗಳ ಮಟ್ಟಿಗೆ ಕರೆದೊಯ್ದರು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಪ್ರಾರ್ಥನಾಲಯದಲ್ಲೇ ಇಬ್ಬರ ವಿವಾಹ ನೆರವೇರಿತು. ಮರುವರ್ಷ ಮಗಳು ದೊಮಿನಿಕ್ ಜನಿಸಿದಳು.

ಮುಂದೆ ಇದಿ ಅಮೀನನ ಆಳ್ವಿಕೆ, ಅದರ ಬೆನ್ನಿಗೇ ಅಂತರ್ಯುದ್ಧ. ಗಾಯಾಳುಗಳ ಮುರಿದ ಎಲುಬಿನ ಚೂರು ಶಸ್ತ್ರವೈದ್ಯೆಯ ಕೈಯನ್ನೂ ಸೀಳುತ್ತಿತ್ತು. ಶಸ್ತ್ರಕ್ರಿಯೆಯ ವೇಳೆ ತಗುಲಿದ ಎಚ್‌ಐವಿ ಸೋಂಕು 1985ರಲ್ಲಿ ಪತ್ತೆಯಾಯಿತು. ಆದರೂ ರೋಗಿಗಳ ಕೈಬಿಡದ ಲುಸಿಲ್ 1996ರ ಆಗಸ್ಟ್ 1ರಂದು ನಿಧನರಾದರು.

ಎಳೆಯ ಮಗುವನ್ನು ಇಂಥಲ್ಲಿ ಬೆಳೆಸುವುದು ನ್ಯಾಯವೇ? ತಂದೆತಾಯಿಗಳ ಈ ಪ್ರಶ್ನೆಯನ್ನು ತರ್ಕದಿಂದ ತಳ್ಳಿಹಾಕಲು, ತತ್ತ್ವಶಾಸ್ತ್ರ ಓದಿದ ನನ್ನಿಂದಲೂ ಆಗದು. ಆ ಮಗಳು ತಾನೂ ವೈದ್ಯೆಯಾಗಿ, ಅದೇ ಆಸ್ಪತ್ರೆಗೆ ನೆರವಾಗುವ ಪ್ರತಿಷ್ಠಾನದ ಹೊಣೆ ಹೊತ್ತಳೆಂದಷ್ಟೇ ಹೇಳಬಲ್ಲೆ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಮತ್ತೊಂದು ಸಂಗತಿ. ಆಸ್ಪತ್ರೆ ತಮ್ಮ ಕೈಯಲ್ಲೇ ಉಳಿಯಲೆಂದು ದಂಪತಿಗಳು ಬಯಸಲಿಲ್ಲ. 1983ರಲ್ಲಿ ತರಬೇತಿಗೆ ಬಂದ ಆ ನಾಡಿನವರೇ ಆದ ಮ್ಯಾಥ್ಯೂ ಲುಕ್ವಿಯಾ ಅವರನ್ನು ಉತ್ತರಾಧಿಕಾರಿಯಾಗಿ ಬೆಳೆಸಿದರು. 2000ದಲ್ಲಿ ಎಬೋಲಾ ಎರಗಿದಾಗ ವಾರ್ಡುಗಳಲ್ಲಿ ಮುಂದೆ ನಿಂತ ಲುಕ್ವಿಯಾ, ಡಿಸೆಂಬರ್ 5ರಂದು ಅದೇ ರೋಗಕ್ಕೆ ಬಲಿಯಾದರು. ವೃದ್ಧ ಪಿಯೆರೊ ಆ ಸಾವನ್ನೂ ಕಂಡು, 2003ರಲ್ಲಿ ಕಣ್ಮುಚ್ಚಿದರು. ಮೂವರ ಸಮಾಧಿಗಳೂ ಆಸ್ಪತ್ರೆಯ ಆವರಣದಲ್ಲಿವೆ.