ಸುತ್ತಿದ ಎಳೆಯನ್ನು ಸಡಿಲಿಸುವ ಅಣುಯಂತ್ರಗಳು

ಮಾನವನ ಒಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನು ಕೊನೆಗೆ ಕೊನೆ ಸೇರಿಸಿ ಅಳೆದರೆ ಸುಮಾರು 2 ಮೀಟರ್ ಉದ್ದವಾಗುವುದು. ಅವು ಅಡಗಿರುವ ಕೋಶಕೇಂದ್ರದ ಅಡ್ಡಳತೆಯಾದರೋ ಮಿಲಿಮೀಟರಿನ ಸುಮಾರು ನೂರರಲ್ಲೊಂದು ಭಾಗ ಮಾತ್ರ! ಇದು ಹೇಗೆ ಸಾಧ್ಯ? ನೂಲನ್ನು ಉರುಳೆಗೆ ಸುತ್ತಿಡುವಂತೆ, 147 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ ಡಿ.ಎನ್.ಎ., ಎಂಟು ಹಿಸ್ಟೋನ್ ಪ್ರೋಟೀನುಗಳ ಗುಂಪೊಂದನ್ನು ಒಂದೂವರೆ ಸುತ್ತಿಗಿಂತ ತುಸು ಹೆಚ್ಚಾಗಿ ಸುತ್ತಿಕೊಂಡಿರುತ್ತದೆ. ಈ ಉರುಳೆಯೇ ನ್ಯೂಕ್ಲಿಯೊಸೋಮ್. ಇಂತಹ ಉರುಳೆಗಳ ಸಾಲಿಗೆ ಕ್ರೊಮ್ಯಾಟಿನ್ ಎಂದು ಹೆಸರು.

ಈ ವ್ಯವಸ್ಥೆಯಲ್ಲಿ ಒಂದು ತೊಡಕುಂಟು. ಜೀನೊಂದು ಕಾರ್ಯಾರಂಭ ಮಾಡಬೇಕಾದರೆ ಅದರ ಮೊದಲಿಗಿರುವ ಪ್ರವರ್ತಕ, ಎಂದರೆ ಪ್ರೊಮೋಟರ್, ಎಂಬ ಭಾಗಕ್ಕೆ ಹಲವು ಪ್ರೋಟೀನುಗಳು ಬಂದು ಅಂಟಬೇಕು. ಆ ಭಾಗವೇ ಉರುಳೆಗೆ ಬಿಗಿದುಕೊಂಡಿದ್ದರೆ ಅವುಗಳಿಗೆ ಎಡೆಯೆಲ್ಲಿ? ಅದನ್ನು ತೆರೆದುಕೊಡುವ ಅಣುಯಂತ್ರಗಳಲ್ಲಿ ಪ್ರಸಿದ್ಧವಾದುದು 'ಸ್ವಿಚ್-ಸ್ನಿಫ್'. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ ಇದರ ಸುಳಿವು ಮೊದಲು ದೊರೆಯಿತು. ಇದು ಎ.ಟಿ.ಪಿ. ಎಂಬ ಇಂಧನವನ್ನು ವ್ಯಯಿಸಿ ಎಳೆಯನ್ನು ಜಗ್ಗುತ್ತದೆ. ಉರುಳೆಯನ್ನು ಪಕ್ಕಕ್ಕೆ ಸರಿಸುತ್ತದೆ, ಇಲ್ಲವೆ ಕಿತ್ತುಹಾಕುತ್ತದೆ. 1994ರಲ್ಲಿ ವಿಜ್ಞಾನಿಗಳು ಈ ಯಂತ್ರವನ್ನು ಶುದ್ಧೀಕರಿಸಿ, ಅದು ನ್ಯೂಕ್ಲಿಯೊಸೋಮುಗಳನ್ನು ಸಡಿಲಿಸುವುದನ್ನು ಪ್ರನಾಳದಲ್ಲಿಯೇ ತೋರಿಸಿದರು.

ಆದರೆ ಸಾವಿರಾರು ಜೀನುಗಳ ನಡುವೆ ತಾನು ತೆರೆಯಬೇಕಾದುದು ಯಾವುದೆಂದು ಈ ಯಂತ್ರಕ್ಕೆ ತಿಳಿಯುವುದೆಂತು? ಡಿ.ಎನ್.ಎ.ಯ ಬರಹವನ್ನು ನಿಖರವಾಗಿ ಓದುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ದಾರಿ ತೋರುವವರು ಬೇಕು. ಯೀಸ್ಟಿನ ಎಚ್‌ಒ ಎಂಬ ಜೀನಿನ ವಿಷಯದಲ್ಲಿ ಈ ಕ್ರಮವು 1999ರಲ್ಲಿ ಸ್ಪಷ್ಟವಾಯಿತು. ಕೋಶವಿಭಜನೆಯ ಕೊನೆಯಲ್ಲಿ ಸ್ವಿ5 ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ತನಗೆ ಗುರುತಾದ ಪ್ರತ್ಯಾಮ್ಲಗಳ ಸಾಲನ್ನು ಹಿಡಿದುಕೊಳ್ಳುತ್ತದೆ. ಅನಂತರ ಸ್ವಿಚ್-ಸ್ನಿಫ್ ಯಂತ್ರವನ್ನು ಅಲ್ಲಿಗೆ ಬರಮಾಡಿಕೊಳ್ಳುತ್ತದೆ. ಕರೆದ ಸ್ವಿ5 ಬೇಗನೆ ಅಳಿದುಹೋದರೂ ಬಂದ ಯಂತ್ರವು ಅಲ್ಲಿಯೇ ನಿಲ್ಲುತ್ತದೆ. ಅದರ ಹಿಂದೆಯೇ ಬರುವ 'ಸಾಗಾ' ಎಂಬ ಇನ್ನೊಂದು ಸಂಕೀರ್ಣವು ಹಿಸ್ಟೋನುಗಳಿಗೆ ಅಸಿಟೈಲ್ ಎಂಬ ರಾಸಾಯನಿಕ ಮುದ್ರೆಯನ್ನೊತ್ತುತ್ತದೆ. ಸ್ವಿಚ್-ಸ್ನಿಫ್‌ನಲ್ಲಿರುವ ಬ್ರೋಮೊಡೊಮೇನ್ ಎಂಬ ಅಂಗಕ್ಕೆ ಇಂತಹ ಮುದ್ರೆಗಳನ್ನು ಹಿಡಿಯುವ ಗುಣವಿದೆ. ಕರೆತರುವುದು ಮಾರ್ಗದರ್ಶಿ ಪ್ರೋಟೀನು. ನೆಲೆಗೊಳ್ಳಲು ನೆರವಾಗುವುದು ಮುದ್ರೆ.

ಈ ವಿಷಯವು ಯೀಸ್ಟಿಗೆ ಮಾತ್ರ ಸಂಬಂಧಿಸಿದುದಲ್ಲ. ಇದೇ ಕುಲದ ಯಂತ್ರಗಳು ನಮ್ಮ ಕೋಶಗಳಲ್ಲಿಯೂ ಇವೆ. ಅವುಗಳ ಒಂದು ಘಟಕದ ಜೀನು ಹಾಳಾಗುವುದೇ ಎಳೆಯ ಮಕ್ಕಳನ್ನು ಕಾಡುವ ರಾಬ್ಡಾಯ್ಡ್ ಎಂಬ ಉಗ್ರ ಗೆಡ್ಡೆಗೆ ಮೂಲವೆಂದು 1998ರಲ್ಲಿ ತಿಳಿದುಬಂದಿತು. ಮಾನವನ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಈ ಯಂತ್ರಗಳ ಯಾವುದಾದರೊಂದು ಘಟಕದ ಜೀನಿನಲ್ಲಿ ವ್ಯತ್ಯಾಸವು ಕಂಡುಬಂದಿದೆ. ಜೀನುಗಳ ಬರಹವು ಶುದ್ಧವಾಗಿದ್ದರಷ್ಟೇ ಸಾಲದು. ತಕ್ಕ ಪುಟವು ತಕ್ಕ ಕಾಲದಲ್ಲಿ ತೆರೆದುಕೊಳ್ಳಲೂ ಬೇಕು.