ನನ್ನ ಸ್ಪ್ರಿಂಗ್‌ಗೆ ಶಕ್ತಿ ಕೊಟ್ಟವರು ಯಾರು?

ಹೋದ ಸೆಮಿಸ್ಟರ್‌ನಲ್ಲಿ ನಾನು ಲ್ಯಾಬ್ ರೆಕಾರ್ಡ್‌ನಲ್ಲಿ ಒಂದು ಸುಳ್ಳು ಬರೆದೆ. ಬೇಕು ಅಂತ ಬರೆದದ್ದಲ್ಲ, ಕಂಪ್ಯೂಟರ್ ತೋರಿಸಿದ್ದನ್ನು ನಂಬಿ ಬರೆದೆ.

ಪ್ರಶ್ನೆ ತುಂಬಾ ಸುಲಭದ್ದು. ಮೇಜಿನ ಮೇಲೆ ಮಲಗಿಸಿದ ಒಂದು ಸ್ಪ್ರಿಂಗ್, ಅದರ ತುದಿಗೆ 1 ಕೆ.ಜಿ. ತೂಕ. 10 ಸೆಂ.ಮೀ. ಎಳೆದು ಬಿಟ್ಟರೆ ಹೇಗೆ ಓಲಾಡುತ್ತೆ ಅಂತ ಪೈಥಾನ್‌ನಲ್ಲಿ ಸಿಮ್ಯುಲೇಶನ್ ಮಾಡಿ ಗ್ರಾಫ್ ಹಾಕಬೇಕು. ಘರ್ಷಣೆ ಇಲ್ಲ, ಗಾಳಿ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್ ಓದಿದ ಎಲ್ಲರಿಗೂ ಉತ್ತರ ಗೊತ್ತು: ಆಚೆ 10, ಈಚೆ 10, ಕೊನೆಯಿಲ್ಲದೆ ಹೀಗೇ. ಆದರೆ ನನ್ನ ಗ್ರಾಫ್‌ನಲ್ಲಿ ಅಲೆ ಪ್ರತಿ ಸುತ್ತಿಗೂ ದೊಡ್ಡದಾಗ್ತಾ ಹೋಯಿತು. 50 ಸೆಕೆಂಡ್ ಆಗೋ ಹೊತ್ತಿಗೆ ತೂಕ ಸುಮಾರು 120 ಸೆಂ.ಮೀ. ದೂರ ಹೋಗಿ ಬರ್ತಿತ್ತು! ಎರರ್ ಮೆಸೇಜ್ ಒಂದೂ ಇಲ್ಲ. ಗ್ರಾಫ್ ಬೇರೆ ನೋಡೋಕೆ ಚೆನ್ನಾಗಿತ್ತು. ಹಾಗಾಗಿ ಕೆಳಗೆ ಧೈರ್ಯವಾಗಿ "ಇದು ರೆಸೊನೆನ್ಸ್" ಅಂತ ಬರೆದೆ.

ಮೇಡಂ ರೆಕಾರ್ಡ್ ನೋಡಿ ಕೇಳಿದ್ದು ಒಂದೇ ಮಾತು: "ಈ ಶಕ್ತಿ ಯಾರು ಕೊಟ್ರಪ್ಪಾ?"

ರೆಸೊನೆನ್ಸ್ ಆಗಬೇಕಾದ್ರೆ ಹೊರಗಿನಿಂದ ಯಾರಾದ್ರೂ ಸರಿಯಾದ ಹೊತ್ತಿಗೆ ತಳ್ಳುತ್ತಿರಬೇಕು, ಉಯ್ಯಾಲೆ ತೂಗುವ ಹಾಗೆ. ನನ್ನ ಸಮೀಕರಣದಲ್ಲಿ ತಳ್ಳುವವರೇ ಇರಲಿಲ್ಲ. ಶಕ್ತಿ ಕೊಡ್ತಾ ಇದ್ದದ್ದು ನನ್ನ ಕೋಡ್!

ಅದು ಹೇಗೆ ಅಂತ ಹೇಳ್ತೀನಿ. ನಿಜವಾದ ಸ್ಪ್ರಿಂಗ್‌ನಲ್ಲಿ ವೇಗವೂ ಜಾಗವೂ ಕ್ಷಣ ಬಿಡದೆ ಬದಲಾಗ್ತಾ ಇರುತ್ತೆ. ಕಂಪ್ಯೂಟರ್‌ಗೆ "ಕ್ಷಣ ಬಿಡದೆ" ಅನ್ನೋದು ಅರ್ಥ ಆಗಲ್ಲ. ಆದ್ದರಿಂದ ನಾವು ಸಮಯವನ್ನು ತುಂಡು ಮಾಡ್ತೀವಿ. ನನ್ನ ತುಂಡು 0.1 ಸೆಕೆಂಡ್. ಈಗಿನ ವೇಗ ಎಷ್ಟು? ಮುಂದಿನ 0.1 ಸೆಕೆಂಡ್ ಪೂರ್ತಿ ಅದೇ ವೇಗ ಅಂದುಕೊಂಡು ಹೊಸ ಜಾಗ ಲೆಕ್ಕ ಹಾಕು. ಈಗಿನ ಎಳೆತ ಎಷ್ಟು? ಅಷ್ಟೂ ಹೊತ್ತು ಅದೇ ಎಳೆತ ಅಂದುಕೊಂಡು ಹೊಸ ವೇಗ ಲೆಕ್ಕ ಹಾಕು. ಇದೇ ಆಯ್ಲರ್ ವಿಧಾನ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನದು, ಸಿಮ್ಯುಲೇಶನ್ ಪಾಠಗಳಲ್ಲಿ ಮೊದಲು ಬರೋದೂ ಇದೇ.

ತೊಂದರೆ ಇರೋದು "ಅಂದುಕೊಂಡು" ಅನ್ನೋ ಪದದಲ್ಲಿ. ದುಂಡಗಿನ ರಸ್ತೆಯಲ್ಲಿ ಬೈಕ್ ಓಡಿಸ್ತಾ ಇದ್ದೀರಿ, ಆದರೆ ಹ್ಯಾಂಡಲ್ ತಿರುಗಿಸೋಕೆ ಸೆಕೆಂಡಿಗೆ ಒಂದೇ ಸಲ ಅವಕಾಶ ಅಂದುಕೊಳ್ಳಿ. ನಡುವೆ ನೇರ ಹೋಗ್ತೀರಿ, ಅಂದ್ರೆ ಪ್ರತಿ ಸಲ ಸ್ವಲ್ಪ ಹೊರಕ್ಕೆ. ನಾಲ್ಕು ಸುತ್ತು ಹಾಕೋ ಹೊತ್ತಿಗೆ ರಸ್ತೆ ಬಿಟ್ಟು ಗದ್ದೆಯಲ್ಲಿ ಇರ್ತೀರಿ. ಸ್ಪ್ರಿಂಗ್‌ನ ಜಾಗವನ್ನು ಒಂದು ಅಕ್ಷದಲ್ಲಿ, ವೇಗವನ್ನು ಇನ್ನೊಂದರಲ್ಲಿ ಇಟ್ಟು ಗ್ರಾಫ್ ಹಾಕಿದ್ರೆ ಬರೋದೂ ಒಂದು ವೃತ್ತವೇ. ಆಯ್ಲರ್ ವಿಧಾನ ಪ್ರತಿ ಹೆಜ್ಜೆಗೂ ಅದರಿಂದ ಹೊರಗೆ ಜಾರುತ್ತೆ. ನನ್ನ ಸ್ಪ್ರಿಂಗ್‌ನ ಬಿಗಿ ಮೀಟರ್‌ಗೆ 1 ನ್ಯೂಟನ್ ಇದ್ದದ್ದರಿಂದ ಲೆಕ್ಕ ಸುಲಭ: ಪ್ರತಿ ಹೆಜ್ಜೆಗೂ ಶಕ್ತಿ 1.01 ಪಟ್ಟು. ಬರೀ ಶೇಕಡಾ 1 ಅಲ್ವಾ ಅನಿಸುತ್ತೆ. ಆದರೆ ಇದು ಚಕ್ರಬಡ್ಡಿ. 50 ಸೆಕೆಂಡ್‌ಗೆ 500 ಹೆಜ್ಜೆ, ಶಕ್ತಿ ಸುಮಾರು 145 ಪಟ್ಟು, ಓಲಾಟದ ದೂರ 12 ಪಟ್ಟು.

ತುಂಡನ್ನ 0.01 ಸೆಕೆಂಡ್‌ಗೆ ಇಳಿಸಿದೆ. ಈಗ 10 ಸೆಂ.ಮೀ. ಇದ್ದದ್ದು 50 ಸೆಕೆಂಡ್ ಆದ ಮೇಲೆ ಸುಮಾರು 12.8. ವಾಸಿ, ಆದರೂ ತಪ್ಪೇ. ಆಮೇಲೆ ಮೇಡಂ ಹೇಳಿಕೊಟ್ಟ ಉಪಾಯ ನೋಡಿ ನಗು ಬಂತು: ಮೊದಲು ವೇಗ ಲೆಕ್ಕ ಹಾಕಿ, ಆ *ಹೊಸ* ವೇಗದಿಂದ ಜಾಗ ಲೆಕ್ಕ ಹಾಕು. ಕೋಡ್‌ನಲ್ಲಿ ಎರಡು ಸಾಲು ಅದಲು ಬದಲು, ಅಷ್ಟೇ. ಅದೇ 0.1 ಸೆಕೆಂಡ್ ತುಂಡಿನಲ್ಲಿ ಓಲಾಟ 10 ಸೆಂ.ಮೀ. ಹತ್ತಿರವೇ ನಿಂತಿತು, ಎಷ್ಟು ಹೊತ್ತು ಓಡಿಸಿದ್ರೂ.

ನನಗೆ ಹೋದದ್ದು ಒಂದೆರಡು ಮಾರ್ಕ್ಸ್. ಇದೇ ಜಾತಿಯ ತಪ್ಪಿನಿಂದ ನಾರ್ವೆಯಲ್ಲಿ ಹೋದದ್ದು ಒಂದು ಇಡೀ ಕಾಂಕ್ರೀಟ್ ಕಟ್ಟೋಣ. ಹೆಸರು ಸ್ಲೈಪ್ನರ್ ಎ. ಉತ್ತರ ಸಮುದ್ರದಲ್ಲಿ 82 ಮೀಟರ್ ಆಳದ ಕಡೆ ನಿಲ್ಲಿಸಬೇಕಿದ್ದ ತೈಲ-ಅನಿಲ ವೇದಿಕೆಯ ಬುಡ ಅದು. ದೊಡ್ಡ ಕೊಳವೆಗಳಂಥ 24 ಕಾಂಕ್ರೀಟ್ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ ಹಾಗೆ ಇತ್ತು. ಮೂರು ಕೋಶ ಸೇರುವ ಸಂದಿಯಲ್ಲಿ ತ್ರಿಕೋನದ ಖಾಲಿ ಜಾಗ, ಅಲ್ಲಿ ಸಮುದ್ರದ ನೀರು ತುಂಬಿ ಗೋಡೆಯನ್ನು ಒತ್ತುತ್ತೆ.

ಆ ಗೋಡೆಯ ಲೆಕ್ಕವನ್ನು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಮಾಡಿದ್ರು. ನಾನು ಸಮಯವನ್ನು ತುಂಡು ಮಾಡಿದೆ, ಇಲ್ಲಿ ತುಂಡು ಮಾಡೋದು ಕಾಂಕ್ರೀಟನ್ನು. ಪ್ರತಿ ತುಂಡಿನ ಒಳಗೆ ಎಲ್ಲವೂ ಸರಳವಾಗಿ ಬದಲಾಗುತ್ತೆ ಅಂದುಕೊಳ್ಳೋದು (ಮತ್ತೆ ಅದೇ ಪದ). ಒತ್ತಡ ಚೂಪಾಗಿ ಬದಲಾಗುವ ಆ ಸಂದಿಯಲ್ಲಿ ಮಾಡಿದ್ದ ತುಂಡುಗಳು ಸಾಲದಾದವು. ಗೋಡೆಯನ್ನು ಕತ್ತರಿಸುವ ಹಾಗೆ ಎಳೆಯುವ ಶಿಯರ್ ಸ್ಟ್ರೆಸ್ ಇರಬೇಕಾದ್ದಕ್ಕಿಂತ ಶೇಕಡಾ 47 ಕಡಿಮೆ ಬಂತು. ಅದನ್ನು ನಂಬಿ ಗೋಡೆ ತೆಳುವಾಗಿ ಕಟ್ಟಿದ್ರು. ಒಳಗಿನ ಕಬ್ಬಿಣದ ಸರಳುಗಳ ಹಿಡಿತವೂ ಅಲ್ಲಿ ಸಾಕಷ್ಟು ಇರಲಿಲ್ಲ, ಆದ್ದರಿಂದ ಎಲ್ಲ ತಪ್ಪನ್ನೂ ಸಾಫ್ಟ್‌ವೇರ್ ತಲೆಗೆ ಕಟ್ಟೋದು ನ್ಯಾಯ ಅಲ್ಲ.

1991ರ ಆಗಸ್ಟ್ 23ರಂದು ಸ್ಟವಾಂಗರ್ ಹತ್ತಿರದ ಫಿಯೋರ್ಡ್‌ನಲ್ಲಿ ಬುಡವನ್ನು ಪರೀಕ್ಷೆಗಾಗಿ ನಿಧಾನವಾಗಿ ನೀರಿಗೆ ಇಳಿಸ್ತಾ ಇದ್ದರು. ಸುಮಾರು 65 ಮೀಟರ್ ಇಳಿದಾಗ ಗೋಡೆ ಬಿರುಕು ಬಿಟ್ಟು ನೀರು ನುಗ್ಗಿತು. ಪಂಪ್‌ಗಳು ಸಾಲಲಿಲ್ಲ. ಅದು ತಳಕ್ಕೆ ಹೋಗಿ ಬಡಿದ ಹೊಡೆತ ರಿಕ್ಟರ್ ಮಾಪಕದಲ್ಲಿ 3ರಷ್ಟು ದಾಖಲಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ನಷ್ಟ ಸುಮಾರು 70 ಕೋಟಿ ಡಾಲರ್.

ಮೈ ಜುಂ ಅನ್ನಿಸಿದ್ದು ಮುಂದಿನ ವಿಷಯ. ಅಪಘಾತದ ನಂತರ ಇನ್ನೂ ಎಚ್ಚರಿಕೆಯಿಂದ ಅದೇ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಗೋಡೆ 62 ಮೀಟರ್ ಆಳದಲ್ಲಿ ಒಡೆಯುತ್ತೆ ಅಂತ ಬಂತು. ನಿಜಕ್ಕೆ 3 ಮೀಟರ್ ವ್ಯತ್ಯಾಸ ಅಷ್ಟೇ. ವಿಧಾನಕ್ಕೆ ಉತ್ತರ ಗೊತ್ತಿತ್ತು, ನಾವು ಸರಿಯಾಗಿ ಕೇಳಿರಲಿಲ್ಲ.

ಈಗ ನಾನು ಯಾವ ಸಿಮ್ಯುಲೇಶನ್ ಮಾಡಿದ್ರೂ ತುಂಡನ್ನು ಅರ್ಧ ಮಾಡಿ ಇನ್ನೊಂದು ಸಲ ಓಡಿಸ್ತೀನಿ. ಉತ್ತರ ಅಲುಗಾಡಿದ್ರೆ ಅದು ಸ್ಪ್ರಿಂಗ್‌ನ ಉತ್ತರ ಅಲ್ಲ, ನನ್ನ ತುಂಡಿನ ಉತ್ತರ. ಶಕ್ತಿಯ ಗ್ರಾಫನ್ನೂ ಪಕ್ಕದಲ್ಲೇ ಹಾಕ್ತೀನಿ.

ಆದರೆ ಇದು ಅರ್ಧ ಕೆಲಸ. ರೆಕಾರ್ಡ್ ತಿದ್ದಿ ಕೊಟ್ಟ ಮೇಲೆ ಲ್ಯಾಬ್‌ನಲ್ಲಿದ್ದ ನಿಜವಾದ ಸ್ಪ್ರಿಂಗ್ ಒಂದನ್ನ ಎಳೆದು ಬಿಟ್ಟೆ. ಸ್ವಲ್ಪ ಹೊತ್ತು ಓಲಾಡಿ ಸುಮ್ಮನೆ ನಿಂತುಬಿಡ್ತು. ನನ್ನ ತಿದ್ದಿದ ಕೋಡ್‌ನಲ್ಲಿ ಅದು ಯಾವತ್ತೂ ನಿಲ್ಲಲ್ಲ, ಯಾಕಂದ್ರೆ ಸಮೀಕರಣಕ್ಕೆ ಘರ್ಷಣೆ ಹಾಕಿಯೇ ಇಲ್ಲ. ತುಂಡನ್ನ ಎಷ್ಟು ಸಣ್ಣ ಮಾಡಿದ್ರೂ ಈ ತಪ್ಪು ಹೋಗಲ್ಲ. ಮೊಬೈಲ್‌ನಲ್ಲಿ ವಿಡಿಯೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಪ್ರತಿ ಸುತ್ತಿಗೆ ಎಷ್ಟು ಕಡಿಮೆ ಆಗುತ್ತೆ ಅಂತ ಅಳೀತಾ ಇದ್ದೀನಿ. ಸದ್ಯಕ್ಕೆ ಸ್ಕೇಲ್ ನೆಟ್ಟಗೆ ನಿಲ್ತಿಲ್ಲ.