ಕೀಲಿ ಮುರಿದ ಕಳವಿಗೆ ಕಾನೂನಿನಲ್ಲಿ ಶಿಕ್ಷೆ ಏನು?



ಬನಶಂಕರಿ ಜಾತ್ರೆಗೆ ಹೋಗುವಾಗ ಮನೆಗೆ ಕೀಲಿ ಹಾಕಿ ಹೊರಡುತ್ತೇವೆ. ಒಳಗೆ ಸಂಘದ ಉಳಿತಾಯದ ಹಣ ಇರಬಹುದು. ಇಳಕಲ್‌ನ ಅಕ್ಕಂದಿರ ಮನೆಯಲ್ಲಾದರೆ ಮಗ್ಗದಿಂದ ಇಳಿಸಿದ ಸೀರೆಗಳೂ ಇರಬಹುದು. ಕಳವಾದರೆ ಜನ "ಎಷ್ಟು ಹೋಯ್ತು?" ಅಂತ ಕೇಳುತ್ತಾರೆ. ಕಾನೂನು "ಕಳ್ಳ ಹೇಗೆ ಬಂದ, ಯಾವಾಗ ಬಂದ?" ಅಂತಲೂ ಕೇಳುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ:

* ತೆರೆದ ಬಾಗಿಲಿನಿಂದ ಬಂದು ಮನೆಯಲ್ಲಿ ಕದ್ದರೆ 7 ವರ್ಷದವರೆಗೆ ಜೈಲು.
* ಕದಿಯಲೆಂದು ಹಗಲಲ್ಲಿ ಕೀಲಿ ಮುರಿದು ಇಲ್ಲವೆ ಕನ್ನ ಕೊರೆದು ನುಗ್ಗಿದರೆ 10 ವರ್ಷದವರೆಗೆ.
* ಅದನ್ನೇ ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮೊದಲು ಮಾಡಿದರೆ 14 ವರ್ಷದವರೆಗೆ.
* ಹಾಗೆ ನುಗ್ಗಿದವರು ಯಾರಿಗಾದರೂ ತೀವ್ರ ಗಾಯ ಮಾಡಿದರೆ ಜೀವಾವಧಿ ಶಿಕ್ಷೆಯೂ ಆಗಬಹುದು.

ಕಳ್ಳನ ಕೈಗೆ ಏನೂ ಸಿಗದಿದ್ದರೂ ಹೀಗೆ ನುಗ್ಗಿದ್ದೇ ಅಪರಾಧ. "ಏನೂ ಹೋಗಿಲ್ಲ, ಬಿಡ್ರಿ" ಅಂತ ಸುಮ್ಮನಿರಬೇಡಿ.

ಕೂಡಲೇ 112ಕ್ಕೆ ಫೋನ್ ಮಾಡಿ. ಪೊಲೀಸರು ಬರುವ ತನಕ ಮುರಿದ ಕೀಲಿ, ತಿಜೋರಿ ಮುಟ್ಟಬೇಡಿ. ಬೆರಳಚ್ಚು ಅಳಿಸಿ ಹೋಗುತ್ತದೆ. ಫಿರ್ಯಾದಿಯಲ್ಲಿ ಹೊತ್ತು, ಕೀಲಿ ಮುರಿದದ್ದು, ಆಯುಧ, ಗಾಯ ಎಲ್ಲವನ್ನೂ ಬರೆಸಿ. ಹುನಗುಂದದ ಮನೆ ಕಳವಾದದ್ದು ಬಾದಾಮಿಯಲ್ಲಿದ್ದಾಗ ಗೊತ್ತಾದರೆ ಬಾದಾಮಿ ಠಾಣೆಯಲ್ಲೇ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗುತ್ತದೆ, ಕೇಳಿ ಪಡೆಯಿರಿ.

ಸಂಘದ ಹಣವನ್ನು ತಡಮಾಡದೆ ಬ್ಯಾಂಕಿಗೆ ಕಟ್ಟಿ. ಕೈಯಲ್ಲಿ ಉಳಿದದ್ದು ಯಾರ ಮನೆಯಲ್ಲಿದೆ, ಎಷ್ಟಿದೆ ಅಂತ ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಆ ಬರಹ ಪೊಲೀಸರಿಗೆ ದಾಖಲೆಯಾಗುತ್ತದೆ. ಹಣ ಇಟ್ಟುಕೊಂಡ ಅಕ್ಕನ ಮೇಲೆ ಅನುಮಾನ ಬರದಂತೆಯೂ ಕಾಯುತ್ತದೆ.